ಅಡಿಗೆ ಅಕ್ಕನಿಗೆ ಬಿಸಿ ಅನ್ನ

ನಮ್ಮೂರ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಪೋಷಕರೇ ಸೇರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿಗೆ, ನಾನು ಅಧ್ಯಕ್ಷನಾಗಿದ್ದು ಬೇರೆ ಯಾರೂ ಒಪ್ಪಲಿಲ್ಲ ಅನ್ನೋ ಕಾರಣಕ್ಕೆ. ಹೊಸನಗರದಿಂದ ನಗರ ಅನ್ನೋ ಊರಿನ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಮೂರು ಕಿಲೋಮೀಟರ್ ಒಳಗೆ ನಡೆದರೆ ಶಾಲೆ. ಒಂದರಿಂದ ಏಳನೇ ಕ್ಲಾಸು, 58 ಮಕ್ಕಳು. ಹೆಡ್ ಮೇಷ್ಟ್ರು ಸೇರಿ ಮೂವರು ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ, ಬಿಸಿಯೂಟಕ್ಕೆ ಇಬ್ಬರು ಅಡಿಗೆಯವರು. ಜವಾನ ಇಲ್ಲ. ಬೆಲ್ ಹೊಡೆಯೋದು ಏಳನೇ ಕ್ಲಾಸಿನ ಹುಡುಗರು, ಗೇಟು ತೆಗೆಯೋದು ಮೊದಲು ಬಂದ ಮೇಷ್ಟ್ರು.

ಅಧ್ಯಕ್ಷ ಆದ ವರ್ಷವೇ, ಅಂದರೆ 2023ರಲ್ಲಿ, ಶಿಕ್ಷಕರ ದಿನಾಚರಣೆ ಜೋರಾಗಿ ಮಾಡಬೇಕು ಅಂತ ನನಗೆ ಹುಮ್ಮಸ್ಸು ಬಂತು. ತಲೆಗೆ ಬಂದಿದ್ದು ನಾವೆಲ್ಲ ನೋಡಿಕೊಂಡು ಬೆಳೆದ ಸನ್ಮಾನವೇ. ಶಾಮಿಯಾನ, ಮೈಕು, ಶಾಲು, ಹಾರ, ಹಣ್ಣಿನ ಬುಟ್ಟಿ. ಮನೆಗೆ ಇನ್ನೂರು ರೂಪಾಯಿ ಅಂತ ಎತ್ತಿದೆವು. ಹಾರಗಳನ್ನು ಶಿವಮೊಗ್ಗದಿಂದ ತರಿಸಿದೆವು. ಸೆಪ್ಟೆಂಬರ್ ಅಂದರೆ ನಮ್ಮ ಕಡೆ ಪ್ರತಿ ಮನೆ ಅಂಗಳದಲ್ಲೂ ಡೇರೆ ಹೂ ಊಟದ ತಟ್ಟೆಯಷ್ಟು ಅಗಲ ಅರಳಿ ನಿಂತಿರುತ್ತದೆ. ಅದನ್ನು ಬಿಟ್ಟು ದುಡ್ಡು ಕೊಟ್ಟು ಬಾಡಿದ ಸೇವಂತಿಗೆ ತಂದವರು ನಾವು.

ಭಾಷಣಕ್ಕೆ ಕರೆಸಿದ್ದವರು ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಕಥೆ ಹೇಳಿದರು. ಅವರು ರಾಷ್ಟ್ರಪತಿ ಆದ 1962ರಿಂದ ಅವರ ಹುಟ್ಟಿದ ದಿನವನ್ನು ಶಿಕ್ಷಕರ ದಿನ ಅಂತ ಆಚರಿಸೋದು ಎಲ್ಲರಿಗೂ ಗೊತ್ತಿರುವ ಮಾತು. ಅದಕ್ಕಿಂತ ಚಂದದ್ದು ಮೈಸೂರಿನ ಕಥೆ. ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು 1921ರಲ್ಲಿ ಕಲ್ಕತ್ತಾಗೆ ಹೊರಟರು. ಆಗ ಹುಡುಗರು ಕುದುರೆ ಬಿಚ್ಚಿ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಸ್ಟೇಷನ್ ತನಕ ಎಳೆದುಕೊಂಡು ಹೋದರಂತೆ.

ಆ ಕಥೆ ಕೇಳುತ್ತಾ ನಾನು ಅತ್ತಿತ್ತ ನೋಡಿದೆ. ಕುರ್ಚಿ ಜೋಡಿಸಿದವರು ಹೆಡ್ ಮೇಷ್ಟ್ರು. ಮೈಕಿನವನ ಹತ್ತಿರ ವಯರ್‌ಗೆ ಓಡಾಡಿದವರು ಗಣಿತದ ಮೇಷ್ಟ್ರು. ಮಕ್ಕಳಿಗೆ ಡ್ಯಾನ್ಸ್ ಕಲಿಸಿ, ಪಿನ್ನು ಚುಚ್ಚಿ, ಸ್ವಾಗತ ಭಾಷಣವನ್ನೂ ಮಾಡಿದವರು ಟೀಚರ್. ಅವತ್ತು ಮೈಸೂರಿನಲ್ಲಿ ಗಾಡಿ ಎಳೆದವರು ಹುಡುಗರು. ನಮ್ಮಲ್ಲಿ ಎಳೆದವರು ಮೇಷ್ಟ್ರುಗಳೇ.

ಅಡಿಗೆ ಅಕ್ಕ ಅಷ್ಟೊತ್ತಿಗೆ ಕಣ್ಣಿಗೇ ಬಿದ್ದಿರಲಿಲ್ಲ. ಕಾರ್ಯಕ್ರಮ ಮುಗಿದು ಊಟಕ್ಕೆ ಎದ್ದಾಗ ಸಿಕ್ಕರು. ಸೀರೆಯ ಅಂಚು ಮೊಣಕಾಲ ತನಕ ಒದ್ದೆ. ಒಂದು ಕೈಯಲ್ಲಿ ಪಾಯಸದ ಬಕೆಟ್ಟು, ಇನ್ನೊಂದರಲ್ಲಿ ಸೌಟು. ದಿನಾ ಅರವತ್ತು ಜನಕ್ಕೆ ಮಾಡೋರು ಅವತ್ತು ನೂರಐವತ್ತು ಜನಕ್ಕೆ ಮಾಡಿದ್ದರು. ನಮ್ಮ ಆಹ್ವಾನ ಪತ್ರದಲ್ಲಿ ‘ಶಿಕ್ಷಕರು ಹಾಗೂ ಸಿಬ್ಬಂದಿಗೆ ಸನ್ಮಾನ’ ಅಂತ ಅಚ್ಚು ಹಾಕಿಸಿದ್ದೆವು. ಸಿಬ್ಬಂದಿ ಬಡಿಸುತ್ತಿದ್ದರು.

ಅವರಿಗೆ ಮೀಸಲಿಟ್ಟಿದ್ದ ಶಾಲನ್ನು ಕೊನೆಗೆ ನಾನೇ ಅಡಿಗೆ ಮನೆಗೆ ಹೋಗಿ ಕೊಟ್ಟೆ. ಕೈ ಒದ್ದೆ ಅಂತ ಹೇಳಿ, ‘ಆ ಡಬ್ಬಿ ಮೇಲೆ ಇಡು ತಮ್ಮ’ ಅಂದರು.

ಈ ಅಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟದ ಯೋಜನೆ, ಶುರುವಾಗಿದ್ದು 2002ರಲ್ಲಿ, ಮೊದಲು ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಮಾರನೇ ವರ್ಷ ನಮ್ಮ ಕಡೆಗೂ ಬಂತು. ಅವತ್ತಿನಿಂದ ಅವರು ಅದೇ ಒಲೆ ಮುಂದೆ ಇದ್ದಾರೆ. ಅವರ ಕೈಯಲ್ಲಿ ಉಂಡು ದೊಡ್ಡವನಾದ ಹುಡುಗನ ಮಗಳು ಈಗ ನಮ್ಮ ಒಂದನೇ ಕ್ಲಾಸಿನಲ್ಲಿದ್ದಾಳೆ. ಯಾವ ಮಗುವಿಗೆ ಬದನೆಕಾಯಿ ಆಗಲ್ಲ, ಯಾವುದು ಬೆಳಿಗ್ಗೆ ಏನೂ ತಿನ್ನದೆ ಬರುತ್ತೆ, ಎಲ್ಲ ಗೊತ್ತು. ಸಂಬಳ ಅಲ್ಲ, ಗೌರವಧನ. ಆ ಹೆಸರಿಟ್ಟವರಿಗೆ ನಮಸ್ಕಾರ.

ಮುಂದಿನ ವರ್ಷ ಒಂದು ತೀರ್ಮಾನ ಮಾಡಿದೆವು. ಏನು ಬೇಕು ಅಂತ ಮೇಷ್ಟ್ರುಗಳನ್ನೂ ಅಡಿಗೆಯವರನ್ನೂ ಕೇಳೋದು. ಮೀಟಿಂಗ್ ಕರೆದು ಕೇಳಿದರೆ ‘ಏನೂ ಬೇಡ, ನಿಮ್ಮ ಪ್ರೀತಿ ಸಾಕು’ ಅಂತಾರೆ. ಅದಕ್ಕೆ ಆಗಸ್ಟ್‌ನಲ್ಲಿ ಒಬ್ಬೊಬ್ಬರನ್ನೇ, ಜಗಲಿಯಲ್ಲಿ ಮಳೆ ಬಿಡೋದು ಕಾಯುವಾಗ, ಮಾತಿನ ಮಧ್ಯೆ ಕೇಳಿದೆ. ಆ ವರ್ಷ ಜುಲೈನಲ್ಲಿ ಮಳೆಗೆ ಮೇಲಿಂದ ಮೇಲೆ ರಜೆ. ಆಮೇಲೆ ಪಾಠ ಮುಗಿಸೋ ಗಡಿಬಿಡಿ. ಎಲ್ಲರೂ ಸುಸ್ತಾಗಿದ್ದರು, ಹಾಗಾಗಿ ನಿಜವನ್ನೇ ಹೇಳಿದರು.

ಹೆಡ್ ಮೇಷ್ಟ್ರು ಮೊದಲೇ ಬೇಲಿ ಹಾಕಿದರು. ‘ಉಡುಗೊರೆ ಗಿಡುಗೊರೆ ಬೇಡ ಮಾರಾಯ್ರೆ, ನಾವು ಸರ್ಕಾರಿ ನೌಕರರು, ಅದಕ್ಕೆಲ್ಲ ನಡತೆ ನಿಯಮ ಇದೆ. ಶಾಲು ಮನೇಲಿ ಆರು ಇದೆ, ಬೇಕಿದ್ರೆ ನಿಮಗೇ ಒಂದು ಕೊಡ್ತೀನಿ.’ ಅವರ ಕಷ್ಟ ಬೇರೆಯೇ ಇತ್ತು. ಮಕ್ಕಳ ವಿವರ ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಹಾಕಬೇಕು. ಎಷ್ಟು ಮಕ್ಕಳು ಉಂಡರು ಅನ್ನೋ ಲೆಕ್ಕ ದಿನಾ ಮೊಬೈಲ್‌ನಲ್ಲಿ ಹೋಗಬೇಕು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಕೊಡೆ ಹಿಡಿದು ಹಿಂದಿನ ಗುಡ್ಡ ಹತ್ತಿ, ಒಂದು ಮತ್ತಿ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಕೆಳಗೆ ಇಳಿಯೋವಾಗ ಕಾಲಲ್ಲಿ ನಾಲ್ಕು ಉಂಬಳ, ಅದೇ ಕಾಡಿನ ಜಿಗಣೆ.

ವಿಜಯಪುರದ ಕಡೆಯಿಂದ ಬಂದ ಟೀಚರ್‌ಗೆ ಅದು ಇಲ್ಲಿ ಎರಡನೇ ಮಳೆಗಾಲ. ಮೊದಲ ವರ್ಷ ಉಂಬಳ ನೋಡಿ ಬೆಂಚಿನ ಮೇಲೆ ಹತ್ತಿ ನಿಂತಿದ್ದರಂತೆ. ಈಗ ಪರ್ಸಿನಲ್ಲಿ ಸುಣ್ಣದ ಡಬ್ಬಿ ಇಟ್ಟುಕೊಂಡು ಓಡಾಡುತ್ತಾರೆ. ಕೇಳಿದ್ದಕ್ಕೆ ನಕ್ಕರು. ‘ಏನೂ ಬ್ಯಾಡ್ರಿ. ಒಂದಿನ ಜ್ವಾಳದ ರೊಟ್ಟಿ ಸಿಕ್ಕರ ಸಾಕ್ರಿ. ನಿಮ್ಮ ಕುಚ್ಚಲಕ್ಕಿ ಅನ್ನ ಉಂಡು ಉಂಡು ಸಾಕಾಗೇದ.’

ಅತಿಥಿ ಶಿಕ್ಷಕಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ಹೆಸರು ಕರೆಯುವಾಗ ‘ಇವರು ಗೆಸ್ಟ್’ ಅಂತ ಕೊನೆಗೆ ಸೇರಿಸಬೇಡಿ ಅಂದರು. ಖರ್ಚಿಲ್ಲದ ಬೇಡಿಕೆ. ಆದರೆ ಹಿಂದಿನ ವರ್ಷ ಮೈಕಿನಲ್ಲಿ ಹಾಗೆ ಹೇಳಿದವನು ನಾನೇ. ಅದು ನೆನಪಾಗಿ ಕಿವಿ ಬಿಸಿಯಾಯಿತು.

ಅಡಿಗೆ ಅಕ್ಕನನ್ನು ಕೇಳಿದಾಗ ಪಾತ್ರೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

‘ನಂಗೆ ಎಂತ ಬೇಕು ಹೇಳು. ಒಂದಿನ ಬಿಸಿ ಇದ್ದಾಗ ಕೂತು ಉಣ್ಣಬೇಕು. ಇಪ್ಪತ್ತು ವರ್ಷ ಆತು, ಈ ಶಾಲೇಲಿ ಬಿಸಿ ಅನ್ನ ಉಂಡಿಲ್ಲ ನಾನು.’

ಮಕ್ಕಳಿಗೆ ಬಡಿಸಿ, ಮೇಷ್ಟ್ರಿಗೆ ಬಡಿಸಿ, ಪಾತ್ರೆ ನೆನೆಹಾಕಿ ಕೂರುವಾಗ ಎರಡೂವರೆ ಗಂಟೆ. ಬಿಸಿಯೂಟ ಅನ್ನೋದು ಅದನ್ನು ಮಾಡುವವರಿಗೆ ಬಿಸಿಯಾಗಿ ಸಿಗಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ 2024ರ ಸೆಪ್ಟೆಂಬರ್ 5, ಗೌರಿ ಹಬ್ಬದ ಹಿಂದಿನ ದಿನ, ಅಡಿಗೆ ನಮ್ಮದು ಅಂತಾಯಿತು. ಅಪ್ಪಂದಿರು ಮಾಡೋದು, ಅಮ್ಮಂದಿರು ರೊಟ್ಟಿ ನೋಡಿಕೊಳ್ಳೋದು. ಹಬ್ಬದ ಮುಂಚೆ ಮನೆಯಲ್ಲಿ ಕೈ ಬಿಡುವಿಲ್ಲ ಅಂತ ಗೊಣಗಾಟ ಇತ್ತು. ಆದರೂ ಒಂಬತ್ತು ಜನ ಬಂದರು. ಅಕ್ಕಿ, ಬೇಳೆ ಶಾಲೆಯ ಲೆಕ್ಕದ್ದೇ. ಹಿಂದಿನ ದಿನವೇ ಅಕ್ಕ ಪಾಠ ಹೇಳಿದ್ದರು. ಐದನೇ ಕ್ಲಾಸಿನ ತನಕ ಮಗುವಿಗೆ ನೂರು ಗ್ರಾಂ ಅಕ್ಕಿ, ಆರು ಏಳಕ್ಕೆ ನೂರೈವತ್ತು. ಬೇಳೆ ಇಪ್ಪತ್ತು ಗ್ರಾಂ, ಮೂವತ್ತು ಗ್ರಾಂ. ಕೂಡಿಸಿದರೆ ಆರು ಕೆಜಿ ಎಂಟುನೂರು ಗ್ರಾಂ ಅಕ್ಕಿ, ಒಂದು ಕೆಜಿ ಮುನ್ನೂರ ಅರವತ್ತು ಗ್ರಾಂ ಬೇಳೆ. ಇದನ್ನು ಅವರು ಚೀಟಿ ನೋಡದೆ ಹೇಳಿದರು. ನಾನು ಮೊಬೈಲ್‌ನಲ್ಲಿ ಲೆಕ್ಕ ಹಾಕಿ ಸರಿ ಇದೆ ಅಂದೆ. ಎಂಥ ಅಧಿಕಪ್ರಸಂಗ.

ನಮ್ಮ ಪಕ್ಕದ ಮನೆಯವನು ಮದುವೆ, ಉಪನಯನಕ್ಕೆ ಅಡಿಗೆಗೆ ಹೋಗುವವನು. ‘ಮುನ್ನೂರು ಜನಕ್ಕೆ ಮಾಡಿದವ ನಾನು, ಇದೆಲ್ಲ ಎಂತದು’ ಅಂದ. ಅವನು ಮಾಡಿದ್ದು ಸೌದೆ ಒಲೆಯಲ್ಲಿ. ಗ್ಯಾಸ್ ಒಲೆಯ ಉರಿ ಒಂದೇ ಕಡೆ ಬೀಳುತ್ತದೆ. ಹನ್ನೆರಡೂವರೆಗೆ ಅನ್ನದ ವಾಸನೆ ಬದಲಾಯಿತು. ಮುಚ್ಚಳ ತೆಗೆದರೆ ಮೇಲೆ ಮಲ್ಲಿಗೆ, ಕೆಳಗೆ ಇದ್ದಲು. ನಿಧಾನಕ್ಕೆ ಮೇಲಿನದನ್ನು ಬೇರೆ ಪಾತ್ರೆಗೆ ತೋಡಿ, ವೀಳ್ಯದೆಲೆ ಹಾಕಿ ಮುಚ್ಚಿಟ್ಟೆವು. ಸೀದ ವಾಸನೆ ಹೋಗೋಕೆ ನಮ್ಮಮ್ಮ ಮಾಡುತ್ತಿದ್ದ ಉಪಾಯ ಅದು. ಪೂರ್ತಿ ಹೋಗಲಿಲ್ಲ.

ಜೋಳದ ರೊಟ್ಟಿಯ ಕಥೆ ಇನ್ನೂ ಚಂದ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಿಟ್ಟು ತರಿಸಿದ್ದೆವು. ಅಕ್ಕಿ ರೊಟ್ಟಿಯಲ್ಲಿ ಪಳಗಿದ ಕೈಗಳಿಗೆ ಜೋಳ ಬಗ್ಗಲಿಲ್ಲ. ತಟ್ಟಿದ್ದೆಲ್ಲ ಅಂಚಿನಲ್ಲಿ ಬಿರುಕು, ಎತ್ತಿದ್ದೆಲ್ಲ ಮೂರು ತುಂಡು. ಟೀಚರ್ ಕಿಟಕಿಯಲ್ಲಿ ಇಣುಕಿ ನೋಡಿದರು, ಸೆರಗು ಸಿಕ್ಕಿಸಿದರು. ‘ಸರೀರಿ, ನಾ ಬಡೀತೀನಿ.’ ಬಿಸಿ ನೀರಲ್ಲಿ ಹಿಟ್ಟು ನಾದಿ ಪಟಪಟ ಅಂತ ಬಡಿದರು ನೋಡಿ, ನಲಿಕಲಿಯ ಚಿಕ್ಕ ಕ್ಲಾಸಿನ ಮಕ್ಕಳೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತುಬಿಟ್ಟವು. ಇದನ್ನು ಗೌರವ ಅನ್ನಬೇಕೋ, ಮತ್ತೆ ಅವರಿಗೇ ಕೆಲಸ ಹಚ್ಚಿದ್ದು ಅನ್ನಬೇಕೋ ಗೊತ್ತಿಲ್ಲ. ಹನ್ನೊಂದು ರೊಟ್ಟಿ ಬಡಿದು, ಎರಡು ತಮಗೆ ಎತ್ತಿಟ್ಟುಕೊಂಡು, ಉಳಿದದ್ದನ್ನು ನಮ್ಮ ಹೆಂಗಸರಿಗೇ ತಿನ್ನಿಸಿದರು.

ಒಂದು ಗಂಟೆಗೆ ಹೆಡ್ ಮೇಷ್ಟ್ರು ನಿಯಮದಂತೆ ಮೊದಲು ರುಚಿ ನೋಡಿ ರಿಜಿಸ್ಟರ್‌ನಲ್ಲಿ ಬರೆದರು. ಏನು ಬರೆದರು ಅಂತ ಇಣುಕಿದೆ. ‘ಉತ್ತಮ’ ಅಂತಿತ್ತು. ದೊಡ್ಡ ಮನುಷ್ಯ.

ಅಡಿಗೆಯ ಇಬ್ಬರನ್ನೂ ಮಕ್ಕಳ ಸಾಲಿನ ಮಧ್ಯೆ ಕೂರಿಸಿದೆವು, ಬಾಳೆಲೆ ಹಾಕಿ. ಅಕ್ಕ ನಾಲ್ಕು ಸಲ ಎದ್ದರು. ಒಮ್ಮೆ ನೀರು ತರೋಕೆ, ಒಮ್ಮೆ ಸೌಟು ಹಿಡಿದ ನನ್ನ ಕೈ ಸರಿಯಿಲ್ಲ ಅಂತ ಹೇಳೋಕೆ. ಕೊನೆಗೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಅವರ ಸೆರಗು ಹಿಡಿದು, ‘ಅಕ್ಕ, ಊಟದ ಮಧ್ಯೆ ಏಳಬಾರದು’ ಅಂದಳು. ಅದು ಅಕ್ಕ ದಿನಾ ಮಕ್ಕಳಿಗೆ ಹೇಳೋ ಮಾತು. ಕೂತರು. ಅನ್ನದಿಂದ ಹಬೆ ಏಳುತ್ತಿತ್ತು. ಒಂದು ತುತ್ತು ಉಂಡು, ‘ಸಾರಿಗೆ ಹುಳಿ ಜಾಸ್ತಿ ಆತು’ ಅಂದರು. ಎರಡನೇ ಸಲ ಹಾಕಿಸಿಕೊಂಡರು.

ಮಕ್ಕಳ ಕೈಯಲ್ಲಿ ಚೀಟಿ ಬರೆಸಿದ್ದು ಸುಲಭಕ್ಕೆ ಆಗಲಿಲ್ಲ. ಮೊದಲ ಸಲ ‘ನಿಮ್ಮ ಶಿಕ್ಷಕರ ಬಗ್ಗೆ ಬರೆಯಿರಿ’ ಅಂದಿದ್ದೆ. ಮೂವತ್ತು ಚೀಟಿಯಲ್ಲಿ ‘ಗುರುಗಳು ದೇವರ ಸಮಾನ’, ಉಳಿದವು ಖಾಲಿ. ಎಲ್ಲ ಹರಿದು ಹಾಕಿ ಪ್ರಶ್ನೆ ಬದಲಾಯಿಸಿದೆ. ‘ಶಾಲೆಯಲ್ಲಿ ಯಾರಾದರೂ ನಿನಗೆ ಮಾಡಿದ ಒಂದು ಕೆಲಸ ಬರಿ, ಯಾವತ್ತು ಅಂತಲೂ ಬರಿ.’ ಆಗ ಬಂತು ನೋಡಿ. ‘ಹಳ್ಳ ಬಂದ ದಿನ ಗಣಿತದ ಸರ್ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಕಾಲುಸಂಕ ದಾಟಿಸಿದರು, ಅವರ ಚಪ್ಪಲಿ ಹೋಯಿತು.’ ‘ನಾನು ಚಡ್ಡಿ ಒದ್ದೆ ಮಾಡಿಕೊಂಡಾಗ ಟೀಚರ್ ಯಾರಿಗೂ ಹೇಳಲಿಲ್ಲ.’ ‘ಅಡಿಗೆ ಅಕ್ಕ ನನ್ನ ತಟ್ಟೆಯಿಂದ ಮೆಣಸಿನಕಾಯಿ ಆರಿಸುತ್ತಾರೆ.’ ಬರೆಯಲು ಬಾರದ ಒಂದನೇ ಕ್ಲಾಸಿನವರು ಚಿತ್ರ ಬಿಡಿಸಿದರು. ಹೆಚ್ಚಿನದರಲ್ಲಿ ಇದ್ದದ್ದು ಸೌಟು.

ಚೀಟಿಗಳನ್ನು ಓದಿ ಹೇಳಲಿಲ್ಲ. ಆ ಚಡ್ಡಿಯ ಹುಡುಗ ಅಲ್ಲೇ ಕೂತಿದ್ದ. ಒಬ್ಬೊಬ್ಬರದನ್ನು ಬೇರೆ ಬೇರೆ ಲಕೋಟೆಗೆ ಹಾಕಿ, ಮೇಲೆ ಒಂದು ಡೇರೆ ಹೂ ಇಟ್ಟು ಕೊಟ್ಟೆವು. ಹೆಸರು ಕರೆದದ್ದು ಅಕ್ಷರಮಾಲೆಯ ಪ್ರಕಾರ. ಹಾಗಾಗಿ ಅತಿಥಿ ಶಿಕ್ಷಕಿಯ ಹೆಸರು ಮೊದಲು ಬಂತು, ಹೆಡ್ ಮೇಷ್ಟ್ರದ್ದು ಕೊನೆಗೆ. ಭಾಷಣ ಇರಲಿಲ್ಲ. ಮನೆಗೆ ಎಂಬತ್ತು ರೂಪಾಯಿಯೂ ಬೀಳಲಿಲ್ಲ. ಕೊಡಲು ಆಗದವರು ಹೂ, ಸೌತೆಕಾಯಿ, ಬಾಳೆಲೆ ತಂದರು, ಯಾರು ಏನು ಕೊಟ್ಟರು ಅಂತ ಪಟ್ಟಿ ಮಾಡಲಿಲ್ಲ.

ನೆಟ್‌ವರ್ಕ್ ವಿಷಯ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಶಾಲೆಯ ಕೆಳಗಿನ ಮನೆಯವರು ಫೈಬರ್ ಹಾಕಿಸಿಕೊಂಡಿದ್ದರು. ಜಗಲಿಯಲ್ಲಿ ಒಂದು ಕುರ್ಚಿ, ಮೇಜು ಇಟ್ಟು ಪಾಸ್‌ವರ್ಡ್ ಕೊಟ್ಟರು. ಈಗ ಮೇಷ್ಟ್ರು ಅಲ್ಲಿ ಕೂತು ಎಂಟ್ರಿ ಮಾಡುತ್ತಾರೆ, ಕಷಾಯವೂ ಬರುತ್ತದೆ. ಕಷಾಯ ಜಾಸ್ತಿ ಆಯ್ತು ಅನ್ನೋದು ಅವರ ಹೊಸ ದೂರು.

2025ರಲ್ಲಿ ಸೆಪ್ಟೆಂಬರ್ 5ಕ್ಕೆ ಈದ್ ಮಿಲಾದ್ ರಜೆ. ಮರುದಿನ ಶನಿವಾರ ಬೆಳಗಿನ ಶಾಲೆ, ಹಾಗಾಗಿ ಉಪ್ಪಿಟ್ಟಿನಲ್ಲಿ ಮುಗಿಸಿದೆವು. ಉಪ್ಪಿಟ್ಟು ತಳ ಹಿಡಿಯಲಿಲ್ಲ.

ತಳದ ವಿಷಯ ಬಂತಲ್ಲ, ಅದೊಂದು ಹೇಳಿಬಿಡುತ್ತೇನೆ. ಮೊದಲ ಸಲ ಅಡಿಗೆ ಮಾಡಿದ ದಿನ ಫೋಟೋ ತೆಗೆಸಿಕೊಂಡು, ಒಬ್ಬರಿಗೊಬ್ಬರು ಶಭಾಷ್ ಹೇಳಿಕೊಂಡು ಮನೆಗೆ ಬಂದಿದ್ದೆವು. ಹಬ್ಬ ಕಳೆದು ಶಾಲೆ ಶುರುವಾದ ದಿನ ಬೆಳಿಗ್ಗೆ ಅಕ್ಕನ ಫೋನು. ‘ತಮ್ಮ, ಆ ಸೀದ ಪಾತ್ರೆ ಹಂಗೇ ಬಿಟ್ಟು ಹೋಗಿದೀರಲ್ಲ, ಅದನ್ನ ತಿಕ್ಕೋರು ಯಾರು?’ ಓಡಿದೆ. ಅಷ್ಟರಲ್ಲಿ ಅವರೇ ಬೂದಿ, ತೆಂಗಿನ ನಾರು ಹಿಡಿದು ಅರ್ಧ ತಿಕ್ಕಿ ಮುಗಿಸಿದ್ದರು. ಉಳಿದರ್ಧ ನಾನು ತಿಕ್ಕಿದೆ. ಈಗ ಕೆಲಸ ಹಂಚುವ ಚೀಟಿಯಲ್ಲಿ ಪಾತ್ರೆಗೆ ಇಬ್ಬರ ಹೆಸರು ಮೊದಲೇ ಬರೆದಿರುತ್ತದೆ. ಅದರಲ್ಲಿ ನನ್ನದು ಖಾಯಂ.