ಮೂವತ್ತು ದಾಟಿದ್ಮೇಲೆ ಈಜು ಕಲಿಯೋರಿಗೆ: ಕೈಕಾಲು ಆಮೇಲೆ, ಮೊದ್ಲು ಉಸಿರು ಬಿಡೋದು ಕಲೀರಿ

ನಮ್ಮೂರಲ್ಲಿ ಬೇಸಿಗೆ ರಜ ಬಂತು ಅಂದ್ರೆ ಗಂಡುಹುಡುಗ್ರೆಲ್ಲ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಕೊಂಡು ತೋಟದ ಬಾವಿಗೆ ಧುಮುಕೋರು, ಸ್ವಲ್ಪ ದಿನಕ್ಕೆ ಬುರುಡೆ ಬಿಚ್ಚಿಟ್ಟು ಈಜೋರು, ನಾವು ಹೆಣ್ಮಕ್ಳು ಮೆಟ್ಲ ಮೇಲೆ ಕೂತು ಅವರ ಬಟ್ಟೆ ಕಾಯ್ತಿದ್ವಿ. ಹಂಗಾಗಿ ನಾನು ನೀರಿಗೆ ಇಳಿದಿದ್ದು 36ನೇ ವಯಸ್ಸಲ್ಲಿ, ಮೈಸೂರಲ್ಲಿ. ಅದಕ್ಕೂ ಮುಂಚೆ ಮೂರು ತಿಂಗ್ಳು ಈಜಿನ ಪುಸ್ತಕ ಓದಿದ್ದೆ, ಮಂಚದ ಮೇಲೆ ಬೋರಲು ಮಲಗಿ ಚಿತ್ರದಲ್ಲಿರೋ ಹಾಗೇ ಕೈಕಾಲು ಆಡಿಸಿದ್ದೆ. ಪೂಲಲ್ಲಿ ಮೊದಲ ದಿನವೇ ಕೋಚ್ "ಏನಾಗಲ್ಲ ಇಳೀರಿ ಮೇಡಂ" ಅಂತ ಹಿಂದಿಂದ ತಳ್ಳಿದ್ರು, ಮೂಗಿಗೆ ನೀರು ಹೋಗಿ ನೆತ್ತಿಗೇರಿ ಆಮೇಲೆ ಆರು ತಿಂಗ್ಳು ನಾನು ಆ ಕಡೆ ಹೋಗ್ಲಿಲ್ಲ. ಎರಡನೇ ಸಲ ಬೇರೆ ಕಡೆ ಸೇರಿ ನಿಧಾನಕ್ಕೆ ಕಲಿತೆ. ಆಗ ನನಗೆ ಕೆಲಸ ಮಾಡಿದ ಕ್ರಮ ಇದು.

ಪೂಲಿಗೆ ಹೋಗೋಕೆ ಮುಂಚೆ ಮನೇಲೇ ಶುರು ಮಾಡ್ಬಹುದು. ಒಂದು ಅಗಲದ ಟಬ್ಬಲ್ಲಿ ನೀರು ತುಂಬಿ, ಬಾಯಿಂದ ಉಸಿರು ತಗೊಂಡು, ಮುಖ ನೀರೊಳಗಿಟ್ಟು "ಹೂಂ..." ಅಂತ ಗುನುಗಿ. ಗುನುಗ್ತಿರುವಷ್ಟು ಹೊತ್ತು ಮೂಗಿಂದ ಗಾಳಿ ಹೊರಗೆ ಬರ್ತಾನೇ ಇರುತ್ತೆ, ನೀರು ಒಳಗೆ ಬರೋಕೆ ದಾರಿ ಇರಲ್ಲ. ಗುನುಗು ಮುಗಿಯೋ ಮುಂಚೆ ಮುಖ ಎತ್ತಿ ಬಾಯಿಂದ ಉಸಿರು ತಗೊಳ್ಳಿ. ದಿನಾ ಇಪ್ಪತ್ತು ಸಲ, ಒಂದು ವಾರ. ಇದು ಮಕ್ಕಳಾಟ ಅನ್ಸುತ್ತೆ, ಬಿಡಬೇಡಿ, ದೊಡ್ಡವರು ಈಜು ಕಲಿಯೋದು ನಿಲ್ಲೋದೇ ಇಲ್ಲಿ. ನಾವು ನೀರೊಳಗೆ ಹೋದ ತಕ್ಷಣ ಉಸಿರು ಬಿಗಿ ಹಿಡೀತೀವಿ, ವೈಶಂಪಾಯನ ಸರೋವರದಲ್ಲಿ ದುರ್ಯೋಧನ ಅಡಗಿ ಕೂತಿದ್ನಲ್ಲ ಹಂಗೆ, ಆದರೆ ಅವನಿಗಿದ್ದ ಜಲಸ್ತಂಭನ ವಿದ್ಯೆ ನಮಗಿಲ್ಲ. ಉಸಿರು ಕಟ್ಟಿದಾಗ ಎದೆ ಒದ್ದಾಡೋದು ಆಮ್ಲಜನಕ ಮುಗೀತು ಅಂತಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಯ್ತು ಅಂತ. ಅದನ್ನ ನೀರೊಳಗೇ ನಿಧಾನಕ್ಕೆ ಬಿಟ್ಟುಬಿಟ್ರೆ ತಲೆ ಎತ್ತಿದಾಗ ತಗೊಳ್ಳೋ ಕೆಲಸ ಒಂದೇ ಉಳಿಯುತ್ತೆ, ಗಾಬರಿ ಅರ್ಧಕ್ಕರ್ಧ ಇಳಿಯುತ್ತೆ.

ಇದರ ಜೊತೆಗೇ ಒಂದು ಎಚ್ಚರಿಕೆ. ಜೋರಾಗಿ ಹತ್ತಿಪ್ಪತ್ತು ಸಲ ಉಸಿರು ಎಳೆದು ಬಿಟ್ಟು, ಆಮೇಲೆ ಮುಳುಗಿ ಎಷ್ಟು ಹೊತ್ತು ಇರ್ತೀನಿ ನೋಡು ಅಂತ ಪಂದ್ಯ ಕಟ್ಟಬೇಡಿ. ಹಂಗೆ ಮಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಮೊದಲೇ ಕಮ್ಮಿ ಆಗಿರುತ್ತೆ, ಎದೆ ಒದ್ದಾಡಿ ಎಚ್ಚರಿಸೋ ಮುಂಚೆನೇ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪಬಹುದು, ಅದೂ ಎದೆಮಟ್ಟದ ನೀರಲ್ಲೇ, ಚೆನ್ನಾಗಿ ಈಜೋರಿಗೇ.

ಪೂಲಲ್ಲಿ ಮೊದಲ ಕೆಲಸ ಮೊಟ್ಟೆ ಹುಡುಕೋದು. ಇದು ನನ್ನ ಐಡಿಯಾ ಅಲ್ಲ, ಹದಿನೆಂಟನೇ ಶತಮಾನದ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರದ್ದು, ಅವರು ಸ್ವತಃ ಒಳ್ಳೇ ಈಜುಗಾರ, ಹುಡುಗರಿದ್ದಾಗ ಪುಸ್ತಕ ನೋಡ್ಕೊಂಡು ಭಂಗಿಗಳನ್ನೆಲ್ಲ ಅಭ್ಯಾಸ ಮಾಡಿದವರು. ನೀರಿಗೆ ಹೆದರ್ತಿದ್ದ ಒಬ್ಬ ಗೆಳೆಯನಿಗೆ ಅವರು ಕಾಗದ ಬರೀತಾರೆ: ಎದೆಮಟ್ಟದ ನೀರಿಗೆ ನಡ್ಕೊಂಡು ಹೋಗು, ದಡದ ಕಡೆ ಮುಖ ಮಾಡಿ ನಿಲ್ಲು, ನಿನಗೂ ದಡಕ್ಕೂ ಮಧ್ಯೆ ಒಂದು ಮೊಟ್ಟೆ ಹಾಕು, ಕಣ್ಣು ಬಿಟ್ಕೊಂಡು ಮುಳುಗಿ ಅದನ್ನ ಎತ್ತೋಕೆ ನೋಡು ಅಂತ. ಪೂಲಲ್ಲಿ ಮೊಟ್ಟೆ ಹಾಕೋಕಾಗಲ್ಲ, ನಾನು ಕೇಳಿ ಪರ್ಮಿಷನ್ ತಗೊಂಡು ಸ್ಟೀಲ್ ಚಮಚ ಹಾಕ್ತಿದ್ದೆ, ಗಾಗಲ್ಸ್ ಹಾಕ್ಕೊಂಡು. ಮಾಡಿ ನೋಡಿ, ಕೆಳಗೆ ಹೋಗೋಕೆ ಎಷ್ಟು ಒದ್ದಾಡಿದ್ರೂ ನೀರು ಮೇಲಕ್ಕೆ ದಬ್ಬುತ್ತೆ, ಚಮಚ ಕೈಗೆ ಸಿಗೋಕೆ ನನಗೆ ನಾಲ್ಕು ದಿನ ಹಿಡೀತು. ಮುಳುಗಿಬಿಡ್ತೀನಿ ಅಂತ ಅಷ್ಟು ವರ್ಷ ಹೆದರಿದವಳಿಗೆ ಬೇಕು ಅಂದ್ರೂ ಮುಳುಗೋಕೆ ಆಗ್ತಿಲ್ಲ! ಎಷ್ಟು ಪುಸ್ತಕ ಓದಿದ್ರೂ ಹೋಗದ ಭಯ ಆ ಚಮಚದಿಂದ ಹೋಯ್ತು.

ಆಮೇಲೆ ತೇಲೋದು. ಗೋಡೆ ಹತ್ರ, ಎದೆಮಟ್ಟದಲ್ಲಿ ನಿಂತು, ಉಸಿರು ತುಂಬ್ಕೊಂಡು ಮುಖ ನೀರೊಳಗಿಟ್ಟು ಕೈ ಮುಂದೆ ಚಾಚಿ ನೆಲ ಬಿಟ್ಬಿಡಿ. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ರೆ ಹೆಚ್ಚಿನವರು ತೇಲ್ತಾರೆ, ತೆಳ್ಳಗಿರೋ ಗಂಡಸರಿಗೆ ಕಾಲು ಕೆಳಗೆ ಜಾರುತ್ತೆ, ಅದು ತಪ್ಪಲ್ಲ, ಅವರ ಮೈ ಹಂಗಿರುತ್ತೆ ಅಷ್ಟೇ. ತಲೆ ಎತ್ತಬೇಡಿ. ತಲೆ 4-5 ಕೆಜಿ ಇರುತ್ತೆ, ಅದನ್ನ ನೀರಿಂದ ಆಚೆ ಎತ್ತಿದ್ರೆ ಆ ಭಾರ ಹೊರೋಕೆ ಸೊಂಟ, ಕಾಲು ಎರಡೂ ಮುಳುಗ್ತವೆ, ತಕ್ಕಡಿ ಥರ.

ತೇಲೋದಕ್ಕಿಂತ ಮುಖ್ಯ, ತೇಲ್ತಾ ಇರೋವಾಗ ಎದ್ದು ನಿಲ್ಲೋದು. ಇದನ್ನ ನನಗೆ ಯಾರೂ ಹೇಳ್ಕೊಡ್ಲಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೋರಲು ತೇಲ್ತಿರೋವಾಗ ನಿಲ್ಲಬೇಕು ಅನ್ಸಿದ್ರೆ ಮೊದಲು ತಲೆ ಎತ್ತೋಕೆ ಹೋಗ್ತೀವಿ, ಆಗ ಕಾಲು ಹಿಂದೆನೇ ಉಳಿದು ಮುಗ್ಗರಿಸಿ ನೀರು ಕುಡೀತೀವಿ. ಹಂಗಲ್ಲ, ಮೊದಲು ಎರಡೂ ಮಂಡಿ ಹೊಟ್ಟೆ ಕಡೆ ಎಳ್ಕೊಳ್ಳಿ, ಚಾಚಿದ ಕೈಯಿಂದ ನೀರನ್ನ ಕೆಳಕ್ಕೆ ಒತ್ತಿ, ಪಾದ ನೆಲಕ್ಕೆ ತಾಗಿದ್ಮೇಲೆ ಕೊನೇಲಿ ತಲೆ ಎತ್ತಿ. ಅಂಗಾತ ತೇಲ್ತಿದ್ರೂ ಅಷ್ಟೇ, ಗಲ್ಲ ಎದೆಗೆ ತಂದು, ಮಂಡಿ ಮಡಚಿ, ಕೈಯಿಂದ ಹಿಂದಿನ ನೀರನ್ನ ಮುಂದಕ್ಕೆ ಬಾಚಿ. ಒಂದು ದಿನ ಪೂರ್ತಿ ಇದನ್ನೇ ಮಾಡಿ. ನಿಲ್ಲೋಕೆ ಬರುತ್ತೆ ಅಂತ ಗೊತ್ತಾದ್ರೆ ತೇಲೋಕೆ ಧೈರ್ಯ ತಾನಾಗೇ ಬರುತ್ತೆ.

ಮುಂದಿನದೆಲ್ಲ ಬೇಗ ಆಗುತ್ತೆ. ಗೋಡೆ ಒದ್ದು ಜಾರೋದು, ಕಾಲನ್ನ ಮಂಡಿಯಿಂದಲ್ಲ ಸೊಂಟದಿಂದ ಬಡಿಯೋದು, ಆಮೇಲೆ ಕೈ, ಕೊನೆಗೆ ಪಕ್ಕಕ್ಕೆ ಹೊರಳಿ ಉಸಿರು. ಫ್ರೀಸ್ಟೈಲ್ ಕಷ್ಟ ಅನ್ಸಿದ್ರೆ ಬ್ರೆಸ್ಟ್ ಸ್ಟ್ರೋಕ್ ಕಲೀರಿ, ಅದು ಕಪ್ಪೆ ಈಜು, ಕೀಳು ಅಂತ ಮೂಗು ಮುರಿಯೋರ ಮಾತು ಕೇಳಬೇಡಿ, 1875ರಲ್ಲಿ ಮ್ಯಾಥ್ಯೂ ವೆಬ್ ಅನ್ನೋರು ಇಂಗ್ಲೆಂಡ್ ಫ್ರಾನ್ಸ್ ಮಧ್ಯದ ಸಮುದ್ರ, ಇಂಗ್ಲಿಷ್ ಚಾನೆಲ್ ದಾಟಿದ್ದು ಅದೇ ಈಜಲ್ಲಿ, ಸುಮಾರು 21 ಮುಕ್ಕಾಲು ಗಂಟೆ.

ಪುಸ್ತಕ ಬೇಡ್ವಾ ಅಂದ್ರೆ ಖಂಡಿತ ಬೇಕು, ನನಗೆ ಈಜಿನ ಪುಸ್ತಕ ಅಂದ್ರೆ ಈಗ್ಲೂ ಪ್ರಾಣ. 1571ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳು ನೀರಿಗೆ ಇಳಿಯಬಾರದು, ಇಳಿದ್ರೆ ಚಡಿ ಏಟು ಅಂತ ಆಜ್ಞೆ ಮಾಡಿತ್ತು, ಅದೇ ಕೇಂಬ್ರಿಡ್ಜಿನ ಎವರಾರ್ಡ್ ಡಿಗ್ಬಿ 1587ರಲ್ಲಿ ಈಜಿನ ಬಗ್ಗೆ ಲ್ಯಾಟಿನ್‌ನಲ್ಲಿ ಚಿತ್ರಗಳ ಸಮೇತ ಪುಸ್ತಕ ಬರೆದ್ರು. ಇದನ್ನ ಓದಿದಾಗ ನನಗೆ ನಮ್ಮ ಬಾವಿ ಮೆಟ್ಲೇ ನೆನಪಾಯ್ತು. ಪುಸ್ತಕ ತಗೊಳ್ಳುವಾಗ ಉಸಿರು, ತೇಲೋದು ಇವುಗಳಿಗೆ ಎಷ್ಟು ಪುಟ ಕೊಟ್ಟಿದ್ದಾರೆ ನೋಡಿ, ಮೂರನೇ ಪುಟಕ್ಕೇ ಕೈ ಬೀಸೋ ಚಿತ್ರ ಶುರುವಾದ್ರೆ ಅದು ಆಗ್ಲೇ ಈಜು ಬರೋರಿಗೆ ಬರೆದದ್ದು. ಮತ್ತೆ ಓದೋದು ಪೂಲಿಂದ ಬಂದ್ಮೇಲೆ, ಆವತ್ತು ಮಾಡಿದ್ದರ ಬಗ್ಗೆ ಮಾತ್ರ. ಮೈಗೆ ನೆನಪಿರೋವಾಗ ಓದಿದ ಸಾಲು ಅರ್ಥ ಆಗೋ ಥರ ಮಂಚದ ಮೇಲೆ ಓದಿದ್ದು ಆಗಲ್ಲ.

ಸಣ್ಣಪುಟ್ಟದ್ದು: ಇಳಿಯೋ ಮುಂಚೆ ಸೋಪು ಹಾಕಿ ಸ್ನಾನ ಮಾಡಿ, ಪೂಲಲ್ಲಿ ಕಣ್ಣು ಉರಿಸೋ ಘಾಟು ಬರೀ ಕ್ಲೋರಿನ್‌ದಲ್ಲ, ಬೆವರು ಮೂತ್ರ ಅದರ ಜೊತೆ ಸೇರಿದಾಗ ಬರೋದು. ತಲೆಗೆ ಎಣ್ಣೆ ಹಚ್ಕೊಂಡು ಹೋಗಬೇಡಿ. ಕಿವಿಗೆ ನೀರು ಹೋದ್ರೆ ತಲೆ ವಾಲಿಸಿ ಒಂಟಿ ಕಾಲಲ್ಲಿ ಕುಣೀರಿ, ಕಡ್ಡಿ ಹಾಕಬೇಡಿ.

ಇನ್ನೊಂದು, ಪೂಲಲ್ಲಿ ಈಜು ಬಂತು ಅಂತ ಕೃಷಿ ಹೊಂಡಕ್ಕೆ ಇಳೀಬೇಡಿ, ಕೈ ಮುಗಿದು ಕೇಳ್ತೀನಿ. ಅದರ ಬದಿಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ, ಈಜೋಕೆ ಬಂದ್ರೂ ಮೇಲಕ್ಕೆ ಹತ್ತೋಕೆ ಹಿಡಿತ ಸಿಗಲ್ಲ. ನಿಮ್ಮದೇ ಹೊಂಡ ಇದ್ರೆ ಸುತ್ತ ಬೇಲಿ ಹಾಕ್ಸಿ, ಗಟ್ಟಿ ಗೂಟಕ್ಕೆ ಕಟ್ಟಿದ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ನೀರೊಳಗೆ ಇಳಿಬಿಡಿ, ಗಾಳಿ ತುಂಬಿದ ಹಳೇ ಟ್ರ್ಯಾಕ್ಟರ್ ಟ್ಯೂಬ್ ಒಂದನ್ನ ಪಕ್ಕದಲ್ಲೇ ಇಟ್ಟಿರಿ. ಯಾರಾದ್ರೂ ಬಿದ್ರೆ ಆ ಟ್ಯೂಬು, ಇಲ್ಲಾಂದ್ರೆ ಹಗ್ಗ, ಸೀರೆ, ಗಳ ಏನು ಸಿಕ್ಕತ್ತೋ ಅದನ್ನ ಎಸೀರಿ, ನೀವು ಹಾರಬೇಡಿ, ಮುಳುಗೋರು ಸಿಕ್ಕಿದ್ದನ್ನ ಅಪ್ಪಿ ಹಿಡೀತಾರೆ. ಮುಳುಗೋರು ಕೂಗ್ತಾರೆ ಅಂತಲೂ ಕಾಯಬೇಡಿ, ಬಾಯಿ ನೀರಿನ ಮಟ್ಟದಲ್ಲಿರೋವಾಗ ಕೂಗೋಕೆ ಉಸಿರೇ ಸಿಗಲ್ಲ, ಮಕ್ಕಳು ನೀರಲ್ಲಿ ಇದ್ದಕ್ಕಿದ್ದಂಗೆ ಸುಮ್ಮನಾದ್ರೆ ತಕ್ಷಣ ಓಡಿ ಹೋಗಿ ನೋಡಿ.