ಅರ್ಧ ಗಂಟೆಗೆ ಒಂದು ಹಾಳೆ

ಎಂ.ಎಸ್. ಓದಲು ಅಮೆರಿಕಕ್ಕೆ ಬಂದ ಮೊದಲ ಸೆಮಿಸ್ಟರ್. ಯಾವ ಕೋರ್ಸ್ ಯಾವಾಗ ಓದಬೇಕು ಅಂತ ಸಲಹೆ ಕೊಡುವ ಅಡ್ವೈಸರ್ ಭೇಟಿಗೆ ನಾನು ಬರಿಗೈಯಲ್ಲಿ ಹೋದೆ, ಪೆನ್ನೂ ಇರಲಿಲ್ಲ. "ಸ್ಪ್ರಿಂಗ್ ಸೆಮಿಸ್ಟರ್‌ಗೆ ಏನು ಯೋಚಿಸಿದ್ದೀರಿ?" ಎಂದು ಜನವರಿಯಲ್ಲಿ ಶುರುವಾಗುವ ಮುಂದಿನ ಸೆಮಿಸ್ಟರ್ ಬಗ್ಗೆ ಕೇಳಿದರು. "ನೀವು ಹೇಳಿದ ಹಾಗೆ, ಮೇಡಂ" ಅಂದೆ.

ನಮ್ಮ ಕಡೆ ಇದು ಮರ್ಯಾದೆಯ ಉತ್ತರ. ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಂಟರ್ ಕರೆದರು ಅಂದರೆ ಅಟೆಂಡೆನ್ಸ್ ಕಮ್ಮಿ ಆಗಿದೆ ಅಂತಲೇ ಲೆಕ್ಕ. ಎಲೆಕ್ಟಿವ್, ಅಂದರೆ ಆಯ್ಕೆಯ ವಿಷಯ ಕೂಡ ಕ್ಲಾಸಿನಲ್ಲಿ ಜಾಸ್ತಿ ಕೈ ಎದ್ದದ್ದೇ. ಇಲ್ಲಿ ಅವರು ನನ್ನ ಮುಖ ನೋಡುತ್ತಾ ಸುಮ್ನೆ ಕೂತರು. ಅರ್ಧ ಗಂಟೆಯ ಭೇಟಿ ಹತ್ತು ನಿಮಿಷಕ್ಕೆ ಮುಗಿಯಿತು. ಒಂದು ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 41 ಬಂದಿತ್ತು, ಅದನ್ನು ಬಾಯಿ ಬಿಡಲೇ ಇಲ್ಲ.

ಎರಡು ವಾರ ಬಿಟ್ಟು ಮತ್ತೆ ಸಮಯ ತೆಗೆದುಕೊಂಡೆ. ಈ ಸಲ ಮೊದಲು ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್ ತೆಗೆದೆ. ಪದವಿಗೆ ಏನೇನು ಬೇಕು, ಯಾವುದು ಆಗಿದೆ, ಯಾವುದು ಬಾಕಿ ಎಲ್ಲ ಅದರಲ್ಲಿರುತ್ತದೆ. ನನ್ನದು 30 ಕ್ರೆಡಿಟ್, ಅಂದರೆ ತಲಾ ಮೂರರಂತೆ ಹತ್ತು ಕೋರ್ಸ್. ಓದುತ್ತಿದ್ದದ್ದು ಮೂರು, ಉಳಿದದ್ದು ಏಳು. ಆ ಏಳನ್ನೂ ಒಂದೊಂದಾಗಿ ಕ್ಯಾಟಲಾಗ್‌ನಲ್ಲಿ ಹುಡುಕಿದೆ. ಬೇಜಾರಿನ ಕೆಲಸ, ಆದರೆ ಅಲ್ಲೇ ಒಂದು ವಿಷಯ ಸಿಕ್ಕಿತು. ಕಡ್ಡಾಯದ ಕೋರ್ಸೊಂದನ್ನು ಫಾಲ್‌ನಲ್ಲಿ, ಅಂದರೆ ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಸುತ್ತಾರೆ. ಅದಕ್ಕೂ ಮುಂಚೆ ಓದಿರಬೇಕಾದ ಕೋರ್ಸ್ ಇರುವುದು ಸ್ಪ್ರಿಂಗ್‌ನಲ್ಲಿ ಮಾತ್ರ. ಈ ಸ್ಪ್ರಿಂಗ್ ತಪ್ಪಿದರೆ ಒಂದು ವರ್ಷ ಹೋಯಿತು!

ಒಂದೇ ಹಾಳೆಯಲ್ಲಿ ಎಲ್ಲ ಬರೆದೆ. ಮೇಲೆ ಸೆಮಿಸ್ಟರ್‌ವಾರು ನನ್ನ ಪ್ಲಾನ್, ಯಾವುದಾದರೂ ಕ್ಲಾಸ್ ತುಂಬಿಹೋದರೆ ಅಂತ ಪಕ್ಕದಲ್ಲಿ ಇನ್ನೊಂದು. ಕೆಳಗೆ ಮೂರು ಪ್ರಶ್ನೆ. ಹೇಳಲು ನಾಚಿಕೆಯಾಗುವ ಪ್ರಶ್ನೆಯನ್ನೇ ಮೊದಲು ಬರೆದೆ, ಇಲ್ಲದಿದ್ದರೆ ಅದು ಕೊನೆಗೆ ಜಾರಿ ಮತ್ತೆ ಉಳಿದುಹೋಗುತ್ತದೆ ಅಂತ ನನಗೇ ಗೊತ್ತಿತ್ತು: "41 ಬಂದಿದೆ, ಈ ಕೋರ್ಸ್ ಡ್ರಾಪ್ ಮಾಡಲೇ?" ಭೇಟಿಗೆ ಎರಡು ದಿನ ಮುಂಚೆ ಹಾಳೆಯನ್ನು ಮೇಲ್ ಮಾಡಿದೆ.

ಅವರು ಓದಿಕೊಂಡೇ ಬಂದಿದ್ದರು. "ನೀವು ಎಫ್-1 ವೀಸಾದಲ್ಲಿ ಇದ್ದೀರಿ ಅಲ್ವಾ? ಡ್ರಾಪ್ ಮಾಡಿದರೆ ಆರು ಕ್ರೆಡಿಟ್ ಉಳಿಯುತ್ತದೆ" ಅಂದರು. ಎಫ್-1 ಅಂದರೆ ವಿದ್ಯಾರ್ಥಿ ವೀಸಾ, ಅದರಲ್ಲಿ ಫುಲ್ ಟೈಮ್ ಓದಬೇಕು. ನಮ್ಮ ಯೂನಿವರ್ಸಿಟಿಯಲ್ಲಿ ಒಂಬತ್ತಿದ್ದರೆ ಮಾತ್ರ ಫುಲ್ ಟೈಮ್. ಅದಕ್ಕಿಂತ ಕೆಳಗಿಳಿಯಬೇಕಾದರೆ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಡಿಎಸ್‌ಒ, ಮೊದಲೇ ಒಪ್ಪಬೇಕು. ಅಡ್ವೈಸರ್ ಹೂಂ ಅಂದರೆ ಸಾಲದು. "ಡ್ರಾಪ್ ಮಾಡು, ಆಮೇಲೆ ಹೇಳಿದರಾಯ್ತು" ಅಂತ ರೂಮಿನ ಸೀನಿಯರ್ ಹೇಳಿದ್ದ. ಅವನ ಮಾತು ಕೇಳಿದ್ದರೆ ವೀಸಾ ಸ್ಟೇಟಸ್ಸೇ ಹೋಗುತ್ತಿತ್ತು. ಸೀನಿಯರ್‌ಗಳು ಅಡುಗೆಗೆ, ಬಾಡಿಗೆ ಮನೆಗೆ ಸರಿ, ಇಂಥದ್ದಕ್ಕೆ ಬೇಡ.

ಡ್ರಾಪ್ ಮಾಡಲಿಲ್ಲ. ಪ್ರತಿ ವಾರ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳ ಪ್ರಶ್ನೆಗೆಂದೇ ಅವರು ಇಟ್ಟ ಸಮಯಕ್ಕೆ, ಹೋಗಿ ಕೂತೆ. ಕೊನೆಗೆ ಬಿ ಬಂತು. ಆ ಭೇಟಿಯಲ್ಲಿ ಉಳಿದ ಎರಡು ಪ್ರಶ್ನೆಗೆ ಐದು ನಿಮಿಷ ಸಾಕಾಯಿತು.

ಅವತ್ತು ಸಂಜೆಯೇ "ನಾವು ಮಾತಾಡಿದ್ದು ಇಷ್ಟು, ತಪ್ಪಿದ್ದರೆ ತಿಳಿಸಿ" ಅಂತ ಅಡ್ವೈಸರ್‌ಗೆ ಮೇಲ್ ಬರೆದೆ. ಅವರು "ಸರಿಯಾಗಿದೆ" ಎಂದು ಉತ್ತರಿಸಿದರು. ಸ್ಪ್ರಿಂಗ್ ಹೊತ್ತಿಗೆ ಅವರು ರಜೆಯ ಮೇಲೆ ಹೋಗಿ ಬೇರೆಯವರು ಬಂದಿದ್ದರು. ಹೊಸಬರು ನನ್ನ ಪ್ಲಾನ್ ನೋಡಿ, "ಇದಕ್ಕೆ ಯಾರು ಒಪ್ಪಿದ್ದು?" ಅಂದರು. ಫೋನ್ ತೆಗೆದು ಆ ಮೇಲ್ ತೋರಿಸಿದೆ.