‘ಅಂಥದ್ದೇನೂ ಇಲ್ಲ ತಾನೇ?’ ಅಂತ ಕೇಳೋದು ಬಿಟ್ಟೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಔಷಧಿ ಚೀಟಿ ಬರೆಯುತ್ತಾ, ತಲೆ ಎತ್ತದೆ, "ಸಾಯೋ ಯೋಚನೆ ಅಂಥದ್ದೇನೂ ಇಲ್ಲ ತಾನೇ?"

"ಇಲ್ಲ ಸರ್."

ಹಾಗೆ ಕೇಳಿದರೆ ಯಾರು ಹೌದು ಅಂತಾರೆ? ಹೀಗೆ ‘ಇಲ್ಲ’ ಅಂದು ಹೋದ ಒಬ್ಬರು ಎರಡೇ ವಾರದಲ್ಲಿ ಎಮರ್ಜೆನ್ಸಿಗೆ ಬಂದರು. ಪುಣ್ಯಕ್ಕೆ ಉಳಿದರು. "ನೀವು ಕೇಳಿದ್ರಿ ಸರ್, ಆದ್ರೆ ಹೇಳೋ ಹಾಗೆ ಕೇಳಲಿಲ್ಲ" ಅಂದರು.

ಈಗ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ, ಕೂರುತ್ತೇನೆ. ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಜಾಸ್ತಿ. ಒಮ್ಮೆ ಬೆನ್ನುನೋವು, ನಿದ್ದೆಯಿಲ್ಲ ಎಂದು ರೈತರೊಬ್ಬರು ಬಂದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಎಲ್ಲಕ್ಕೂ ಹೆಂಡತಿಯೇ ಉತ್ತರ ಕೊಡುತ್ತಿದ್ದರು. ಬಿಪಿ ನೋಡಿಸಿಕೊಂಡು ಬನ್ನಿ ಎಂದು ಆಕೆಯನ್ನು ಸಿಸ್ಟರ್ ಹತ್ತಿರ ಕಳಿಸಿ, ಪೆನ್ನು ಕೆಳಗಿಟ್ಟೆ.

"ರಾತ್ರಿ ಎದ್ದು ಕೂತಾಗ ತಲೆಗೆ ಏನು ಬರುತ್ತೆ ಯಜಮಾನ್ರೇ?"

"ಸಾಕಾಗಿದೆ ಅನ್ಸುತ್ತೆ."

"ಸತ್ತುಹೋಗಬೇಕು ಅಂತಲೂ ಅನ್ನಿಸಿದೆಯಾ?"

ಟವೆಲ್ಲಿನ ಅಂಚು ಬೆರಳಿಗೆ ಸುತ್ತುತ್ತಾ ಕೂತರು. ನಾನೂ ಸುಮ್ನಿದ್ದೆ. ಈ ಸುಮ್ನಿರೋದೇ ಕಷ್ಟ. ಆಮೇಲೆ "ಹೂಂ" ಅಂದರು.

ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋ ಭಯ ನಮ್ಮ ಸ್ಟಾಫಿನಲ್ಲೂ ಇದೆ. ಹಾಗಾಗಲ್ಲ. ‘ಹೂಂ’ ಬಂದ ಮೇಲೆ ಉಳಿದದ್ದು ಸಲೀಸು: ಎಷ್ಟು ದಿನದಿಂದ, ಹೇಗೆ ಅಂತ ಯೋಚಿಸಿದ್ದೀರಾ, ಹಿಂದೆ ಪ್ರಯತ್ನ ಆಗಿತ್ತಾ, ಕುಡಿತ ಇದೆಯಾ. "ಇಷ್ಟು ದಿನ ತಡೆದದ್ದು ಏನು?" ಅಂದೆ. "ಮಗಳ ಪಿಯುಸಿ."

ಆತ್ಮಹತ್ಯೆಯ ಯೋಚನೆ ಬಗ್ಗೆ ಕೇಳೋಕೆ ಇರುವ ಕೊಲಂಬಿಯಾ ಪ್ರಶ್ನಾವಳಿಯನ್ನೂ ಬಳಸುತ್ತೇನೆ, ಯಾವ ಪ್ರಶ್ನೆಯೂ ಬಿಟ್ಟುಹೋಗದಿರಲಿ ಅಂತ. ಆದರೆ ಇಂಥ ಫಾರ್ಮು ನೋಡಿ ಭವಿಷ್ಯ ಹೇಳಲಾಗದು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2022ರಲ್ಲಿ ಕೊಟ್ಟದ್ದೂ ಹಾಗೆ ಬಳಸಬೇಡಿ ಅಂತಲೇ ಹೇಳುತ್ತದೆ. ‘ಲೋ ರಿಸ್ಕ್’ ಅಂತ ಬರೆದುಬಿಟ್ಟರೆ ನೆಮ್ಮದಿ ಸಿಗೋದು ನಮಗೆ, ಅವರಿಗಲ್ಲ.

"ಪೊಲೀಸ್ ಕೇಸ್ ಆಗುತ್ತಾ?" ಅಂತ ಕೇಳಿದರು. ಯೋಚನೆ ಬಂತು ಅಂತ ಹೇಳಿಕೊಂಡರೆ ಯಾವ ಕೇಸೂ ಇಲ್ಲ; ಪ್ರಯತ್ನ ಪಟ್ಟವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಎಂದೆ. ಮುಖ ಸ್ವಲ್ಪ ಸಡಿಲಾಯಿತು.

ಅವರ ಒಪ್ಪಿಗೆ ತಗೊಂಡೇ ಹೆಂಡತಿಯನ್ನು ಒಳಗೆ ಕರೆದೆ. ಊರಲ್ಲಿದ್ದ ತಮ್ಮನಿಗೆ ಫೋನ್ ಮಾಡಿದೆವು. ಹೊಲದ ಔಷಧಿಯನ್ನೆಲ್ಲ ಆತ ಅವತ್ತೇ ತನ್ನ ಮನೆಗೆ ಸಾಗಿಸಿ ಬೀಗ ಹಾಕಿದ. ಮಾತ್ರೆ ಒಂದೇ ವಾರಕ್ಕೆ, ಅದೂ ಹೆಂಡತಿಯ ಕೈಯಲ್ಲಿ. ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಬರೆದೆ. ರಾತ್ರಿಯೂ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ. ಶುಕ್ರವಾರ ಸಿಸ್ಟರ್ ಫೋನ್ ಮಾಡಿ ವಿಚಾರಿಸಿದರು.

ಮುಂದಿನ ಮಂಗಳವಾರ ಬಂದರು. ಬೆನ್ನುನೋವು ಹಾಗೇ ಇದೆಯಂತೆ.